ಗಾಡಿಯೊಳಗಿನ ಅಡುಗೆಮನೆಗೆ ಯಾವ ಸಾಧನ ಒಳ್ಳೆಯದು?

ಅಮೆರಿಕದಲ್ಲಿ ನೆಲೆಸಿದ ಮಕ್ಕಳನ್ನು ನೋಡಲು ಹೋಗುವ ನಮ್ಮ ಹಿರಿಯರು ಈಗ ಮನೆಯೊಳಗೇ ಕೂತು ಬರುವುದಿಲ್ಲ. ಬೇಸಿಗೆ ರಜೆಯಲ್ಲಿ ಮಗನೋ ಮಗಳೋ ಒಂದು ಆರ್.ವಿ. ಬಾಡಿಗೆಗೆ ಹಿಡಿದು ಅವರನ್ನು ಯೆಲ್ಲೋಸ್ಟೋನ್ ಕಡೆಗೋ ಗ್ರ್ಯಾಂಡ್ ಕ್ಯಾನ್ಯನ್ ಕಡೆಗೋ ಕರೆದೊಯ್ಯುವುದುಂಟು. ಆರ್.ವಿ. ಎಂದರೆ ಹಾಸಿಗೆ, ಬಚ್ಚಲು, ಪುಟ್ಟದೊಂದು ಅಡುಗೆಮನೆ ಎಲ್ಲವೂ ಇರುವ ಮೋಟಾರು ಗಾಡಿ. ನೋಡಲು ಸೊಗಸು, ಮಲಗಲು ಸುಖ. ಆದರೆ ಊಟದ ವಿಚಾರ? ಹತ್ತು ಹದಿನೈದು ದಿನ ದಾರಿಬದಿಯ ಪಿಜ್ಜಾ, ಕರಿದ ಆಲೂಗಡ್ಡೆ, ಡಬ್ಬಿಯ ಸೂಪುಗಳಲ್ಲೇ ಕಳೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಪ್ರವಾಸವೇ ಪ್ರಯಾಸವಾದೀತು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊರಗಿನ ತಿಂಡಿಯಲ್ಲಿ ಈ ಲೆಕ್ಕ ನಮ್ಮ ಕೈಯಲ್ಲಿ ಇರುವುದಿಲ್ಲ. ಸ್ವಂತ ಅಡುಗೆಯಲ್ಲಿ ಇರುತ್ತದೆ.

ಹಾಗೆಂದು ಮನೆಯ ಅಡುಗೆಮನೆಯನ್ನೆಲ್ಲ ಗಾಡಿಗೆ ತುಂಬಲಾಗದು. ಸಾಧನ ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ, ಅದು ಎಷ್ಟು ಚೆನ್ನಾಗಿದೆ ಎಂಬುದಲ್ಲ; ಅದಕ್ಕೆ ಬೇಕಾದ ವಿದ್ಯುತ್ತು ಗಾಡಿಯಲ್ಲಿ ಎಲ್ಲಿಂದ ಬರುತ್ತದೆ ಎಂಬುದು.

ಆರ್.ವಿ.ಗಳು ತಂಗುವ ಜಾಗಗಳಲ್ಲಿ ಸಾಮಾನ್ಯವಾಗಿ 30 ಆಂಪಿಯರಿನ ವಿದ್ಯುತ್ ಸಂಪರ್ಕ ದೊರೆಯುತ್ತದೆ. ಅಲ್ಲಿನ ವೋಲ್ಟೇಜು 120. ಇವೆರಡನ್ನೂ ಗುಣಿಸಿದರೆ 3,600 ವಾಟ್. ಇಡೀ ಗಾಡಿಗೆ ಸಿಗುವುದು ಅಷ್ಟೇ. ಅದರಲ್ಲಿ ಹವಾನಿಯಂತ್ರಣ ಯಂತ್ರವೇ ಸುಮಾರು 1,500 ವಾಟ್ ಎಳೆಯುತ್ತದೆ. ಇಂಡಕ್ಷನ್ ಒಲೆ ಪೂರ್ಣ ಶಾಖದಲ್ಲಿ 1,800 ವಾಟ್. ಇವೆರಡೂ ಓಡುತ್ತಿರುವಾಗ ಯಾರಾದರೂ ಮೈಕ್ರೋವೇವ್ ಗುಂಡಿ ಒತ್ತಿದರೆ ಬ್ರೇಕರ್ ಬಿದ್ದು ಗಾಡಿಯೆಲ್ಲ ಕತ್ತಲು. ಆದ್ದರಿಂದ ಒಂದು ಹೊತ್ತಿಗೆ ಶಾಖ ಕೊಡುವ ಒಂದೇ ವಿದ್ಯುತ್ ಸಾಧನ ಎಂಬ ನಿಯಮ ಇಟ್ಟುಕೊಳ್ಳುವುದು ಕ್ಷೇಮ. ದೊಡ್ಡ ಗಾಡಿಗಳಿಗೆ 50 ಆಂಪಿಯರಿನ ಸಂಪರ್ಕವಿರುತ್ತದೆ. ಅವರಿಗೆ ಈ ಇಕ್ಕಟ್ಟು ಅಷ್ಟಿಲ್ಲ.

ಇದು ಸಂಪರ್ಕ ಸಿಕ್ಕಾಗಿನ ಮಾತು. ರಾಷ್ಟ್ರೀಯ ಉದ್ಯಾನಗಳೊಳಗೆ ಅದು ಅಪರೂಪ. ಯೆಲ್ಲೋಸ್ಟೋನಿನಂಥ ವಿಶಾಲ ಉದ್ಯಾನದೊಳಗೂ ಗಾಡಿಗೆ ವಿದ್ಯುತ್ತು, ನೀರು, ಚರಂಡಿ ಮೂರನ್ನೂ ಕೊಡುವ ತಾಣ ಫಿಷಿಂಗ್ ಬ್ರಿಡ್ಜ್ ಒಂದೇ. ಉಳಿದೆಡೆ ಬ್ಯಾಟರಿಯನ್ನೇ ನಂಬಬೇಕು. ಜನರೇಟರ್ ಓಡಿಸಲು ನಿಗದಿತ ಹೊತ್ತುಂಟು, ಕೆಲವು ಕಡೆ ಅದಕ್ಕೂ ಅನುಮತಿ ಇಲ್ಲ. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಹಳೆಯ ಮಾದರಿಯ ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚು ಮಾಡಬಾರದು. ಆ ಅರ್ಧವನ್ನು ಇಂಡಕ್ಷನ್ ಒಲೆ 20 ನಿಮಿಷದಲ್ಲಿ ನುಂಗಿಬಿಡುತ್ತದೆ. ಅನ್ನ ಬೇಯುವಷ್ಟರಲ್ಲಿ ದೀಪವೂ ಇಲ್ಲ! ಲಿಥಿಯಂ ಬ್ಯಾಟರಿಯಾದರೆ ಸ್ವಲ್ಪ ಮೇಲು.

ಹೀಗಾಗಿ ಗಾಡಿಯೊಳಗೇ ಜೋಡಿಸಿರುವ ಎರಡು ಮೂರು ಬರ್ನರಿನ ಗ್ಯಾಸ್ ಒಲೆಯೇ ಮುಖ್ಯ ಆಧಾರ. ಅದರ ಇಂಧನ ಪ್ರೋಪೇನ್. ನಮ್ಮ ಮನೆಗಳ ಸಿಲಿಂಡರಿನಲ್ಲಿ ಪ್ರೋಪೇನ್ ಜೊತೆ ಬ್ಯೂಟೇನ್ ಕೂಡ ಇರುತ್ತದೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೋಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ಹಿಮ ಬೀಳುವ ಸೀಮೆಯಲ್ಲಿ ಓಡಾಡುವ ಗಾಡಿಗೆ ಅದೇ ಸರಿ. ಒಲೆಯ ಬರ್ನರುಗಳು ಒತ್ತೊತ್ತಾಗಿರುತ್ತವೆ ಎಂಬುದನ್ನು ನೆನಪಿಡಿ. ಅಗಲವಾದ ಬಾಣಲೆ ಒಂದಿಟ್ಟರೆ ಪಕ್ಕದ ಬರ್ನರ್ ದಂಡ. ಎತ್ತರವಾದ, ಕಿರಿದಾದ ಪಾತ್ರೆಗಳೇ ಇಲ್ಲಿಗೆ ಹೊಂದುತ್ತವೆ.

ಇನ್ನು ನಮ್ಮ ಊಟಕ್ಕೆ ತಪ್ಪದೇ ಬೇಕಾದ ಸಾಧನ ಯಾವುದು? ಎರಡು ಮಾತಿಲ್ಲದೆ ಹೇಳುತ್ತೇನೆ: ಮೂರು ಲೀಟರಿನ ಪ್ರೆಷರ್ ಕುಕ್ಕರ್. ಕಾರಣ ಅಭ್ಯಾಸವಷ್ಟೇ ಅಲ್ಲ, ಎತ್ತರ. ಫಿಷಿಂಗ್ ಬ್ರಿಡ್ಜ್ ಸಮುದ್ರಮಟ್ಟದಿಂದ ಸುಮಾರು 2,370 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಎತ್ತರ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಅಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯತೊಡಗುತ್ತದೆ. ಒಲೆ ಎಷ್ಟು ಜೋರು ಮಾಡಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ತೊಗರಿಬೇಳೆ ಗಂಟೆಗಟ್ಟಲೆ ಕುದಿದರೂ ಕಾಳುಕಾಳಾಗಿಯೇ ಉಳಿಯುವುದು ಇದರಿಂದ. ಕುಕ್ಕರಿನೊಳಗಾದರೆ ಅದೇ ಎತ್ತರದಲ್ಲೂ ಶಾಖ 115 ಡಿಗ್ರಿಯ ಆಸುಪಾಸು ಮುಟ್ಟುತ್ತದೆ. ಒಳಪಾತ್ರೆಗಳಲ್ಲಿ ಅನ್ನ, ಬೇಳೆ, ತರಕಾರಿ ಒಂದೇ ಸಲ ಬೆಂದರೆ ಗ್ಯಾಸೂ ಉಳಿಯಿತು, ಪಾತ್ರೆ ತೊಳೆಯುವ ನೀರೂ ಉಳಿಯಿತು. ಗಾಡಿಯಲ್ಲಿ ನೀರಿನ ತೊಟ್ಟಿ ಚಿಕ್ಕದು, ಕೊಳೆನೀರು ತುಂಬುವ ತೊಟ್ಟಿಯೂ ಚಿಕ್ಕದು.

ಕುಕ್ಕರ್ ಊರಿನಿಂದ ಒಯ್ಯುವವರು ಅಲ್ಯೂಮಿನಿಯಂ ಬಿಟ್ಟು ಇಂಡಕ್ಷನ್ ತಳದ ಸ್ಟೀಲಿನದನ್ನು ಒಯ್ದರೆ ಎರಡೂ ಬಗೆಯ ಒಲೆಗೆ ಆಗುತ್ತದೆ. ತಳಕ್ಕೆ ಅಯಸ್ಕಾಂತ ಅಂಟಿದರೆ ಇಂಡಕ್ಷನ್ ಒಲೆಗೆ ಸರಿ ಎಂದರ್ಥ. ಗ್ಯಾಸ್ಕೆಟ್ ಒಂದು ಹೆಚ್ಚಿಗೆ ಇರಲಿ.

ಆದರೆ ಇಲ್ಲಿಂದ ವಿದ್ಯುತ್ ಸಾಧನಗಳನ್ನು ಮಾತ್ರ ಒಯ್ಯಬೇಡಿ. ನಮ್ಮ 230 ವೋಲ್ಟಿನ ರೈಸ್ ಕುಕ್ಕರನ್ನು ಅಲ್ಲಿನ 120 ವೋಲ್ಟಿಗೆ ಸಿಕ್ಕಿಸಿದರೆ ಶಾಖ ಅರ್ಧವಾಗುವುದಿಲ್ಲ, ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಅಕ್ಕಿ ನೆನೆಯುತ್ತದೆ, ಬೇಯುವುದಿಲ್ಲ. ಮಿಕ್ಸಿಯ ಪಾಡೂ ಅಷ್ಟೆ. ಅದಕ್ಕಾಗಿ ಭಾರವಾದ ಟ್ರಾನ್ಸ್‌ಫಾರ್ಮರ್ ಹೊರುವುದು ಬೇಡ; ಅಲ್ಲಿನ ವೋಲ್ಟೇಜಿಗೆ ತಯಾರಾದ ಚಿಕ್ಕ ಮಿಕ್ಸಿ ಸಾಕು. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮನೆಯಲ್ಲೇ ಮಾಡಿಕೊಂಡರೆ ಅದೂ ಬೇಡವೇ ಬೇಡ.

ಅಮೆರಿಕದ ಅಂಗಡಿಗಳಲ್ಲಿ ಸಿಗುವ ವಿದ್ಯುತ್ ಪ್ರೆಷರ್ ಕುಕ್ಕರ್ ಒಳ್ಳೆಯ ಸಾಧನವೇ. ಮೂರು ಕ್ವಾರ್ಟಿನದಕ್ಕೆ ಸುಮಾರು 700 ವಾಟ್, ಆರು ಕ್ವಾರ್ಟಿನದಕ್ಕೆ 1,000 ವಾಟ್ ಬೇಕು. ಇಬ್ಬರು ಮೂವರಿಗೆ ಚಿಕ್ಕದೇ ಲೇಸು. ಇದರ ಒತ್ತಡ ನಮ್ಮ ಕುಕ್ಕರಿಗಿಂತ ಕೊಂಚ ಕಡಿಮೆ, ಬೆಟ್ಟದ ಮೇಲೆ ಕೆಲವು ನಿಮಿಷ ಹೆಚ್ಚು ಬೇಯಿಸಬೇಕು.

ಸ್ಲೋ ಕುಕ್ಕರ್ ಎಂಬ ನಿಧಾನದ ಪಾತ್ರೆಯ ಬಗ್ಗೆ ಎಚ್ಚರಿಕೆಯ ಮಾತೊಂದಿದೆ. ಬೆಳಿಗ್ಗೆ ಹಾಕಿ ಸಂಜೆ ಉಣ್ಣಬಹುದೆಂಬ ಆಸೆಗೆ ಅನೇಕರು ಅದನ್ನು ಕೊಳ್ಳುತ್ತಾರೆ. ರಾಜ್ಮಾ ಕಾಳಿನಲ್ಲಿ ಸಹಜವಾಗಿಯೇ ಒಂದು ವಿಷಾಂಶವಿದೆ. ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಸ್ಲೋ ಕುಕ್ಕರಿನ ಮಂದ ಶಾಖಕ್ಕೆ ನಾಶವಾಗದಿರಬಹುದು. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ. ರಾಜ್ಮಾವನ್ನು ಕನಿಷ್ಠ ಐದು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕುದಿಸಬೇಕೆಂಬುದು ಅಲ್ಲಿನ ಆಹಾರ ಇಲಾಖೆಯ ಸಲಹೆ. ಕುಕ್ಕರಿನಲ್ಲಿ ಬೇಯಿಸುವ ನಮಗೆ ಈ ತಾಪತ್ರಯವಿಲ್ಲ.

ಏರ್ ಫ್ರೈಯರ್ ನನಗೇನೋ ಅನಗತ್ಯವೆನಿಸುತ್ತದೆ. ಎಣ್ಣೆ ಕಡಿಮೆ ಹಿಡಿಯುವುದು ನಿಜ, ಆದರೆ ಜಾಗ ನುಂಗುತ್ತದೆ, 1,500 ವಾಟ್ ಬೇಡುತ್ತದೆ. ಹೆಸರುಬೇಳೆ ಕೋಸಂಬರಿಗೆ, ಮೊಳಕೆ ಕಾಳಿಗೆ ಒಲೆಯೂ ಬೇಡ. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರುಕಾಳು ಗಾಡಿ ಓಡುತ್ತಿರುವಾಗಲೇ ಮೊಳೆಯುತ್ತದೆ.

ಗಾಡಿಯ ಫ್ರಿಜ್ಜಿನೊಳಗೆ ಒಂದು ತಾಪಮಾಪಕ ಇಡಿ. 4 ಡಿಗ್ರಿ ದಾಟಿದರೆ ಮೊಸರು ಹುಳಿಯಾಗುವುದು ಚಿಕ್ಕ ಚಿಂತೆ. ಉಳಿದ ಅನ್ನ ಕೆಡುವುದು ದೊಡ್ಡ ಚಿಂತೆ. ಬೇಯಿಸಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಗ್ಯಾಸಿನಿಂದಲೂ ನಡೆಯುವ ಹಳೆಯ ಬಗೆಯ ಫ್ರಿಜ್ಜಾದರೆ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸದಿದ್ದರೆ ಅದು ಸರಿಯಾಗಿ ತಣಿಸುವುದಿಲ್ಲ.

ಒಗ್ಗರಣೆ ಹಾಕುವಾಗ ಕಿಟಕಿ ತೆರೆದು, ಮೇಲಿನ ಫ್ಯಾನ್ ಓಡಿಸಿ. ಸಾಸಿವೆ ಸಿಡಿದು ಮೆಣಸಿನಕಾಯಿಯ ಘಾಟು ಎದ್ದೊಡನೆ ಹೊಗೆಯ ಅಲಾರಂ ಕೂಗಿಕೊಳ್ಳುವುದು ಖಂಡಿತ. ಹಾಗೆಂದು ಅದರ ಬ್ಯಾಟರಿ ಕೀಳಬಾರದು. ಚಳಿಯೆಂದು ಒಲೆ ಹಚ್ಚಿಟ್ಟು ಮಲಗುವುದಂತೂ ಪ್ರಾಣಕ್ಕೇ ಸಂಚಕಾರ. ಮುಚ್ಚಿದ ಗಾಡಿಯಲ್ಲಿ ಇಂಗಾಲದ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯಿಲ್ಲ. ಪ್ರೋಪೇನ್ ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲಕ್ಕಿಳಿಯುತ್ತದೆ, ಅದರ ಅಲಾರಂ ಪಾದದ ಮಟ್ಟದಲ್ಲಿರುವುದು ಅದಕ್ಕಾಗಿಯೇ. ಅದರ ಮುಂದೆ ಚೀಲ ಒಟ್ಟಬೇಡಿ. ಗಾಡಿ ಹೊರಡುವ ಮುನ್ನ ಗ್ಯಾಸಿನ ಕವಾಟ ಮುಚ್ಚಿ. ಬಾಲ್ಟಿಮೋರಿನ ಸುರಂಗ ರಸ್ತೆಗಳಲ್ಲಿ ದೊಡ್ಡ ಪ್ರೋಪೇನ್ ಸಿಲಿಂಡರ್ ಇರುವ ಗಾಡಿಗಳಿಗೆ ಪ್ರವೇಶವೇ ಇಲ್ಲ. ಆ ಕಡೆ ಹೋಗುವವರು ಬಳಸು ದಾರಿಯನ್ನು ಮೊದಲೇ ನೋಡಿಕೊಂಡಿರಬೇಕು.