25 ವರ್ಷಕ್ಕೆ ಒಂದೇ ದರ: ಯೂನಿಟ್‌ಗೆ 9.7 ಸೆಂಟ್

ಅಲಾಸ್ಕಾದ ಆಂಕರೇಜ್ ನಗರದ ಪಶ್ಚಿಮಕ್ಕೆ, ಕುಕ್ ಇನ್ಲೆಟ್ ಕೊಲ್ಲಿಯ ಫೈರ್ ದ್ವೀಪದಲ್ಲಿ 11 ಗಾಳಿಯಂತ್ರಗಳಿವೆ. ಒಂದೊಂದರದು 1.6 ಮೆಗಾವ್ಯಾಟ್, ಒಟ್ಟು 17.6. 2012ರಿಂದ ಇವುಗಳ ವಿದ್ಯುತ್ತನ್ನು ಕೊಳ್ಳುತ್ತಿರುವುದು ಚುಗಾಚ್ ಎಲೆಕ್ಟ್ರಿಕ್ ಅಸೋಸಿಯೇಷನ್. ಬಿಲ್ ಕಟ್ಟುವವರೇ ಒಡೆಯರಾಗಿರುವ ಸಹಕಾರ ಸಂಸ್ಥೆ ಇದು. ನಮ್ಮ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವನ್ನು ಬಲ್ಲವರಿಗೆ ಈ ಏರ್ಪಾಡು ಹೊಸದಲ್ಲ. ಮಾರುವವರು ಕುಕ್ ಇನ್ಲೆಟ್ ರೀಜನ್, ಅಂದರೆ ಅಲಾಸ್ಕಾದ ಮೂಲನಿವಾಸಿಗಳು ಷೇರುದಾರರಾಗಿರುವ ಕಂಪನಿ.

ಒಪ್ಪಂದ 25 ವರ್ಷದ್ದು. ಮೆಗಾವ್ಯಾಟ್-ಗಂಟೆಗೆ 97 ಡಾಲರ್, ಅಂದರೆ ಯೂನಿಟ್‌ಗೆ 9.7 ಸೆಂಟ್. ವರ್ಷವರ್ಷ ಏರಿಸುವ ಮಾತಿಲ್ಲ.

ಯಂತ್ರಗಳು ವರ್ಷದ 8,760 ಗಂಟೆಯೂ ಪೂರ್ತಿ ಶಕ್ತಿಯಲ್ಲಿ ತಿರುಗಿದರೆ 15.4 ಕೋಟಿ ಯೂನಿಟ್ ಸಿಗಬೇಕು. ಗಾಳಿ ಅಷ್ಟು ಕೃಪೆ ತೋರುವುದಿಲ್ಲ. ಯೋಜನೆ ಲೆಕ್ಕ ಹಿಡಿದದ್ದು ಸುಮಾರು 5 ಕೋಟಿ. ಹಾಗಾಗಿ ಸದಸ್ಯರು ವರ್ಷಕ್ಕೆ ತೆರುವುದು ಹತ್ತಿರ ಹತ್ತಿರ 48.5 ಲಕ್ಷ ಡಾಲರ್. ಒಂದು ಯಂತ್ರದ ಪಾಲಿಗೆ 45 ಲಕ್ಷ ಯೂನಿಟ್, 4.4 ಲಕ್ಷ ಡಾಲರ್.

ಬಿಲ್ಲಿನಲ್ಲಿ ಕಾಣದ ವೆಚ್ಚವೊಂದಿದೆ. ದ್ವೀಪದಿಂದ ದಡಕ್ಕೆ ಸಮುದ್ರದಡಿ ಎಳೆದ ಲೈನಿಗೆ ರಾಜ್ಯ ಸರ್ಕಾರ 2.5 ಕೋಟಿ ಡಾಲರ್ ಕೊಟ್ಟಿತು. 25 ವರ್ಷದ 125 ಕೋಟಿ ಯೂನಿಟ್‌ಗೆ ಹಂಚಿದರೆ ಯೂನಿಟ್‌ಗೆ 2 ಸೆಂಟ್. ಅದನ್ನು ಮುಚ್ಚಿಟ್ಟು ಗಾಳಿ ಅಗ್ಗ ಎನ್ನುವುದು ಸರಿಯಲ್ಲ. ನಿಜವಾದ ಬೆಲೆ 11.7 ಸೆಂಟ್.

ಆದರೂ ಈ ಖರೀದಿ ಸರಿಯಾದದ್ದೆಂದೇ ನನ್ನ ನಂಬಿಕೆ. ಆಂಕರೇಜ್‌ನ ದೀಪಗಳು ಬಹುಪಾಲು ಉರಿಯುವುದು ಕುಕ್ ಇನ್ಲೆಟ್‌ನ ನೈಸರ್ಗಿಕ ಅನಿಲದಿಂದ. ಹಳೆಯ ಅನಿಲ ಸ್ಥಾವರಕ್ಕೆ ಯೂನಿಟ್‌ಗೆ ಸುಮಾರು 10 ಘನ ಅಡಿ ಬೇಕು. ಆ ಲೆಕ್ಕದಲ್ಲಿ ಗಾಳಿ ಉಳಿಸುವುದು ವರ್ಷಕ್ಕೆ 50 ಕೋಟಿ ಘನ ಅಡಿ. ಸಾವಿರ ಘನ ಅಡಿಯ ಬೆಲೆ 9.70 ಡಾಲರ್ ದಾಟಿದರೆ ಇಂಧನದ ಖರ್ಚೊಂದೇ ಗಾಳಿಯ ದರವನ್ನು ಮೀರುತ್ತದೆ. ದಕ್ಷತೆ ಹೆಚ್ಚಿರುವ ಹೊಸ ಸ್ಥಾವರದಲ್ಲಿ ಈ ಗಡಿ ಇನ್ನೂ ಮೇಲಿರುತ್ತದೆ, ನಿಜ. ಗಾಳಿ ನಿಂತಾಗ ಅನಿಲ ಯಂತ್ರ ಸಿದ್ಧವಾಗಿರಲೇಬೇಕು, ಅದೂ ನಿಜ. ಆದರೆ ಹಣದುಬ್ಬರ ವರ್ಷಕ್ಕೆ ಶೇ 2.5 ಎಂದುಕೊಂಡರೂ ಕೊನೆಯ ವರ್ಷದ 9.7 ಸೆಂಟ್, 2012ರ ಬೆಲೆಯಲ್ಲಿ ಬರೀ 5.2 ಸೆಂಟ್. ಅನಿಲ ಮಾರುವ ಯಾರೂ ಇಂಥ ಮಾತು ಕೊಡುವುದಿಲ್ಲ.

2022ರಲ್ಲಿ ಕೊಲ್ಲಿಯ ಮುಖ್ಯ ಅನಿಲ ಉತ್ಪಾದಕ ಹಿಲ್‌ಕಾರ್ಪ್, ಈಗಿನ ಒಪ್ಪಂದಗಳು ಮುಗಿದ ಮೇಲೆ ಹೊಸ ಪೂರೈಕೆಯ ಭರವಸೆ ಕೊಡಲಾಗದೆಂದು ಎಚ್ಚರಿಸಿತು. ಚುಗಾಚ್‌ನ ಅನಿಲ ಒಪ್ಪಂದ 2028ರ ಮಾರ್ಚ್‌ಗೆ ಮುಗಿಯುತ್ತದೆ. ಹಡಗಿನಲ್ಲಿ ದ್ರವೀಕೃತ ಅನಿಲ ತರಿಸುವ ಮಾತು ನಡೆದಿದೆ. ಗಾಳಿಯ ಒಪ್ಪಂದ ಆಗಲೂ 9 ವರ್ಷ ಬಾಕಿ ಇರುತ್ತದೆ, ಅದೇ 9.7 ಸೆಂಟ್‌ಗೆ. ದ್ವೀಪದಲ್ಲಿ ಇನ್ನಷ್ಟು ಯಂತ್ರಗಳಿಗೆ ಜಾಗವಿದ್ದರೂ ನಿಂತಿರುವುದು 11 ಮಾತ್ರ.