ಜಾಲತಾಣದಲ್ಲಿ ಕೃಷಿಕರ ಹೆಸರು: ಉಲ್ಲೇಖಗಳನ್ನು ಹುಡುಕುವ ಮತ್ತು ಬಳಸುವ ಕ್ರಮ

ದಕ್ಷಿಣ ಕನ್ನಡ ಜಿಲ್ಲೆಯ ಕಡಬ ತಾಲೂಕಿನ ಇಚಿಲಂಪಾಡಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಅಡಿಕೆ, ರಬ್ಬರ್, ತೆಂಗು, ಕಾಳುಮೆಣಸು ಮತ್ತು ಬಾಳೆ ಮುಖ್ಯ ಬೆಳೆಗಳಾಗಿವೆ. ಅಡಿಕೆಯನ್ನು ವರ್ತಕರಿಗೋ 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಸಂಸ್ಥೆಗೋ ಮಾರುವಾಗ ಬೆಳೆದವನ ಹೆಸರು ಮಾಲಿನ ಜೊತೆಗೆ ಮುಂದೆ ಹೋಗುವುದಿಲ್ಲ. ತೂಕ ಮತ್ತು ದರ್ಜೆ ನಿರ್ಧಾರವಾದೊಡನೆ ವ್ಯವಹಾರ ಮುಗಿಯುತ್ತದೆ. ಆದರೆ ಜೇನು, ಬಾಳೆಕಾಯಿ ಹುಡಿ, ಹಲಸಿನ ಹಪ್ಪಳ, ರಂಬುಟಾನ್, ಕಸಿ ಗಿಡ ಮುಂತಾದವನ್ನು ನೇರವಾಗಿ ಬಳಕೆದಾರರಿಗೆ ಮಾರುವ ಕೃಷಿಕರ ಸ್ಥಿತಿ ಬೇರೆ. ಇಲ್ಲಿ ಪೊಟ್ಟಣದ ಜೊತೆಗೆ ಹೆಸರೂ ಗ್ರಾಹಕರ ಮನೆಗೆ ಹೋಗುತ್ತದೆ. ಆ ಹೆಸರಿನ ಬಗ್ಗೆ ಗ್ರಾಹಕರು ಪರಸ್ಪರ ಏನು ಹೇಳಿಕೊಳ್ಳುತ್ತಾರೆ ಎಂಬುದರ ಮೇಲೆ ಮುಂದಿನ ಮಾರಾಟ ನಿಂತಿದೆ.

ಹಿಂದೆ ಇಂತಹ ಮಾತು ಸಂತೆಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ನಡೆಯುತ್ತಿತ್ತು. ಕೃಷಿ ಪತ್ರಿಕೆಯಲ್ಲಿ ವಿಳಾಸ ಪ್ರಕಟವಾದರೆ ಅಂಚೆ ಕಾರ್ಡುಗಳು ಬರುತ್ತಿದ್ದವು. ಈಗ ಅದೇ ಮಾತು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಮತ್ತು ವಾಟ್ಸ್‌ಆ್ಯಪ್‌ಗಳಲ್ಲಿ ನಡೆಯುತ್ತದೆ. ಅಂಚೆ ಕಾರ್ಡು ತಾನಾಗಿ ಮನೆಗೆ ಬರುತ್ತಿತ್ತು. ಜಾಲತಾಣದ ಮಾತಿನಲ್ಲಿ ಒಂದು ಪಾಲು ಮಾತ್ರ ತಾನಾಗಿ ಬರುತ್ತದೆ, ಉಳಿದುದನ್ನು ಹುಡುಕಬೇಕಾಗುತ್ತದೆ. ತನ್ನ ಹೆಸರು ಅಥವಾ ಖಾತೆಯ ಕುರಿತು ಇತರರು ಬರೆದುದಕ್ಕೆ ‘ಉಲ್ಲೇಖ’ ಎನ್ನಬಹುದು.

ಬಾಕಾಹು ಕಲಿಸಿದ ಪಾಠ

2021ರಲ್ಲಿ ಕೊರೊನಾ ಕಾಲದಲ್ಲಿ ಬಾಳೆಕಾಯಿಗೆ ಮಾರುಕಟ್ಟೆ ಇಲ್ಲದಂತಾದಾಗ, ಪುತ್ತೂರಿನ ‘ಅಡಿಕೆ ಪತ್ರಿಕೆ’ ಹಾಗೂ ಅದರ ಸಂಪಾದಕ ಶ್ರೀ ಪಡ್ರೆಯವರು ಬಾಳೆಕಾಯಿಯನ್ನು ಒಣಗಿಸಿ ಹುಡಿ ಮಾಡುವ ವಿಚಾರವನ್ನು ಪ್ರಚಾರ ಮಾಡಿದರು. ದಕ್ಷಿಣ ಕನ್ನಡ ಮತ್ತು ಉತ್ತರ ಕನ್ನಡದ ಗೃಹಿಣಿಯರು ಈ ಹುಡಿಯಿಂದ ದೋಸೆ, ಗುಲಾಬ್ ಜಾಮೂನು ಮುಂತಾದವನ್ನು ತಯಾರಿಸಿ ಚಿತ್ರಗಳನ್ನು ಜಾಲತಾಣಗಳಲ್ಲಿ ಹಂಚಿಕೊಂಡರು. ಚಿತ್ರ ನೋಡಿದವರಿಂದ ಬೇಡಿಕೆ ಬರತೊಡಗಿತು. 2021ರ ಜುಲೈ 25ರ ‘ಮನ್ ಕಿ ಬಾತ್’ ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಯವರು ಇದನ್ನು ಪ್ರಸ್ತಾಪಿಸಿದರು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಾಳೆಕಾಯಿ ಹುಡಿಗೆ ‘ಬಾಕಾಹು’ ಎಂಬ ಚಿಕ್ಕ ಹೆಸರನ್ನು ಇಡಲಾಯಿತು. ಇದು ಬೇರೆ ಯಾವುದೇ ಅರ್ಥವಿಲ್ಲದ ಹೊಸ ಪದ. ಆದ್ದರಿಂದ ಯಾರು ಎಲ್ಲಿ ಈ ಪದವನ್ನು ಬರೆದರೂ ಅದು ಬಾಳೆಕಾಯಿ ಹುಡಿಯ ಕುರಿತೇ ಆಗಿರುತ್ತದೆ, ಹುಡುಕಿದರೆ ಸುಲಭವಾಗಿ ಸಿಗುತ್ತದೆ. ‘ಹುಡಿ’ ಅಥವಾ ‘ಬಾಳೆ’ ಎಂದಷ್ಟೇ ಹುಡುಕಿದರೆ ಸಾವಿರ ಸಂಗತಿಗಳ ನಡುವೆ ಬೇಕಾದುದು ಮರೆಯಾಗುತ್ತಿತ್ತು.

ಹೆಸರಿನ ಆಯ್ಕೆ

ಮೇಲಿನ ಪಾಠ ಪ್ರತಿಯೊಬ್ಬ ಕೃಷಿಕರ ಖಾತೆಗೂ ಅನ್ವಯಿಸುತ್ತದೆ. ‘ಗ್ರೀನ್ ಫಾರ್ಮ್’, ‘ಶ್ರೀ ಕೃಷ್ಣ ತೋಟ’ ಮುಂತಾದ ಹೆಸರುಗಳು ನೂರಾರು ಇವೆ. ಊರಿನ ಹೆಸರು ಮತ್ತು ಉತ್ಪನ್ನದ ಹೆಸರು ಎರಡೂ ಸೇರಿದ ಹೆಸರು ಉತ್ತಮ. ಉದಾಹರಣೆಗೆ, ‘ಇಚಿಲಂಪಾಡಿ ಹೊಳೆಬದಿ ಜೇನು’ ಎಂದಿಟ್ಟರೆ ಬೇರೆಯವರ ಹೆಸರಿನೊಡನೆ ಬೆರೆಯುವ ಸಂಭವ ಕಡಿಮೆ.

ಆದರೆ ಊರಿನ ಹೆಸರನ್ನು ಎಲ್ಲರೂ ಒಂದೇ ರೀತಿ ಬರೆಯುವುದಿಲ್ಲ. ಇಚಿಲಂಪಾಡಿ, ಇಚ್ಲಂಪಾಡಿ ಎಂಬ ಎರಡೂ ರೂಪಗಳು ಬಳಕೆಯಲ್ಲಿವೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೊನೆಯ ‘ಡಿ’ಯನ್ನು ಕೆಲವರು ‘ವೈ’ ಅಕ್ಷರದಿಂದ, ಕೆಲವರು ‘ಐ’ ಅಕ್ಷರದಿಂದ ಬರೆಯುತ್ತಾರೆ. ಇನ್‌ಸ್ಟಾಗ್ರಾಂನಲ್ಲಿ ಖಾತೆಯ ಗುರುತುನಾಮವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಡಬೇಕಾಗುತ್ತದೆ. ಆದುದರಿಂದ ಒಂದು ರೂಪವನ್ನು ಆರಿಸಿ ಪೊಟ್ಟಣ, ಬಿಲ್ಲು ಹಾಗೂ ಎಲ್ಲ ಖಾತೆಗಳಲ್ಲಿ ಅದನ್ನೇ ಬಳಸಬೇಕು. ಪೊಟ್ಟಣದ ಮೇಲೆ ಗುರುತುನಾಮವನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿದರೆ ಗ್ರಾಹಕರು ಅದನ್ನು ನೋಡಿಯೇ ಬರೆಯುತ್ತಾರೆ.

ಉಲ್ಲೇಖದ ವಿಧಗಳು

ಉಲ್ಲೇಖಗಳು ಮುಖ್ಯವಾಗಿ ನಾಲ್ಕು ವಿಧ.

1. ಹೆಸರು ಹಿಡಿದು ಕರೆಯುವುದು: ಗ್ರಾಹಕರು @ ಚಿಹ್ನೆಯ ಮುಂದೆ ಖಾತೆಯ ಗುರುತುನಾಮವನ್ನು ಬರೆಯುತ್ತಾರೆ. ಸಾಮಾನ್ಯವಾಗಿ ಖಾತೆದಾರರ ಫೋನಿಗೆ ನೋಟಿಫಿಕೇಶನ್ ಬರುತ್ತದೆ.

2. ಟ್ಯಾಗ್: ಚಿತ್ರಕ್ಕೆ ಖಾತೆಯನ್ನು ಜೋಡಿಸುವುದು. ಇನ್‌ಸ್ಟಾಗ್ರಾಂನಲ್ಲಿ ಇಂತಹ ಚಿತ್ರಗಳು ಖಾತೆಯ ಪುಟದಲ್ಲಿ ಪ್ರತ್ಯೇಕ ವಿಭಾಗದಲ್ಲಿ ಕಾಣಸಿಗುತ್ತವೆ.

3. ಸ್ಟೋರಿ: ಇದು 24 ಗಂಟೆಗಳಲ್ಲಿ ಮರೆಯಾಗುತ್ತದೆ. ಸ್ಟೋರಿಯಲ್ಲಿ ಹೆಸರು ಬಂದರೆ ಸಂದೇಶದ ರೂಪದಲ್ಲಿ ತಿಳಿಯುತ್ತದೆ. ಅಪರಿಚಿತರ ಸಂದೇಶಗಳು ‘ಮೆಸೇಜ್ ರಿಕ್ವೆಸ್ಟ್’ ಎಂಬ ಬೇರೆ ಕಡೆ ಸೇರುವುದರಿಂದ ಬಹುಮಂದಿ ಇವನ್ನು ನೋಡುವುದೇ ಇಲ್ಲ.

4. ಬರಿಯ ಮಾತು: @ ಚಿಹ್ನೆಯಾಗಲಿ ಟ್ಯಾಗ್ ಆಗಲಿ ಇಲ್ಲದೆ ‘ಇಚ್ಲಂಪಾಡಿಯಿಂದ ತರಿಸಿದ ಜೇನು ಚೆನ್ನಾಗಿತ್ತು’ ಎಂದು ಬರೆಯುವುದು. ಇದಕ್ಕೆ ಯಾವ ನೋಟಿಫಿಕೇಶನ್ ಕೂಡ ಬರುವುದಿಲ್ಲ. ಗುರುತುನಾಮ ಗೊತ್ತಿಲ್ಲದ ಗ್ರಾಹಕರು ಹೀಗೆಯೇ ಬರೆಯುವುದರಿಂದ ಹುಡುಕುವ ಶ್ರಮ ಮುಖ್ಯವಾಗಿ ಇದಕ್ಕಾಗಿಯೇ.

ಹುಡುಕುವ ಕ್ರಮ

ಪ್ರತಿದಿನ ಸಂಜೆ ಹತ್ತು ನಿಮಿಷ ಮತ್ತು ವಾರಕ್ಕೊಮ್ಮೆ ಅರ್ಧ ಗಂಟೆ ಮೀಸಲಿಟ್ಟರೆ ಸಾಕು.

ದಿನನಿತ್ಯ: ನೋಟಿಫಿಕೇಶನ್‌ಗಳು, ಟ್ಯಾಗ್ ವಿಭಾಗ ಮತ್ತು ‘ಮೆಸೇಜ್ ರಿಕ್ವೆಸ್ಟ್’ ಈ ಮೂರನ್ನು ನೋಡಬೇಕು. ರಂಬುಟಾನ್‌ನಂತಹ ಬೇಗ ಕೆಡುವ ಹಣ್ಣಿನ ಕೊಯ್ಲು ಇರುವಾಗ ಬೆಳಿಗ್ಗೆಯೂ ನೋಡುವುದು ಅವಶ್ಯ. ‘ಎಲ್ಲಿ ಸಿಗುತ್ತದೆ?’ ಎಂಬ ಪ್ರಶ್ನೆಗೆ ಮೂರನೆಯ ದಿನ ಉತ್ತರ ಕೊಟ್ಟರೆ ಹಣ್ಣೂ ಇರುವುದಿಲ್ಲ, ಗ್ರಾಹಕರೂ ಇರುವುದಿಲ್ಲ.

ವಾರಕ್ಕೊಮ್ಮೆ: ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮತ್ತು ಯೂಟ್ಯೂಬ್‌ಗಳ ಹುಡುಕು ಪೆಟ್ಟಿಗೆಯಲ್ಲಿ ಹೆಸರಿನ ಎಲ್ಲ ರೂಪಗಳನ್ನೂ ಒಂದೊಂದಾಗಿ ಬರೆದು ನೋಡಬೇಕು. ಗೂಗಲ್‌ನಲ್ಲಿ ಹೆಸರನ್ನು ಉದ್ಧರಣ ಚಿಹ್ನೆಗಳ ಒಳಗೆ ಬರೆದರೆ ಅದೇ ಪದಸಮೂಹ ಇರುವ ಪುಟಗಳು ಸಿಗುತ್ತವೆ. ‘ಗೂಗಲ್ ಅಲರ್ಟ್ಸ್’ ಸೇವೆಯಲ್ಲಿ ಹೆಸರನ್ನು ಒಮ್ಮೆ ದಾಖಲಿಸಿದರೆ ಗೂಗಲ್‌ಗೆ ಸಿಕ್ಕಿದ ಹೊಸ ಪುಟಗಳ ವಿವರ ಇಮೇಲ್‌ಗೆ ಬರುತ್ತದೆ. ಇದಕ್ಕೆ ಶುಲ್ಕವಿಲ್ಲ. ಗೂಗಲ್ ನಕ್ಷೆಯಲ್ಲಿ ತೋಟ ಅಥವಾ ನರ್ಸರಿಯನ್ನು ದಾಖಲಿಸಿದ್ದರೆ ಅಲ್ಲಿಯ ಅಭಿಪ್ರಾಯಗಳನ್ನೂ ಓದಬೇಕು.

ಈ ಕ್ರಮಕ್ಕೆ ಮಿತಿಯೂ ಇದೆ. ಖಾಸಗಿ ಖಾತೆಗಳಲ್ಲಿ ಬರೆದುದು ಹೊರಗಿನವರಿಗೆ ಕಾಣುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ತಾನು ಸದಸ್ಯನಾಗಿರುವ ಗುಂಪುಗಳಲ್ಲಿ ಮಾತ್ರ ಹುಡುಕಲು ಸಾಧ್ಯ. ಉಳಿದ ಗುಂಪುಗಳ ಮಾತು ಪರಿಚಿತರು ಕಳುಹಿಸಿದರಷ್ಟೇ ತಿಳಿಯುತ್ತದೆ. ಆದ್ದರಿಂದ ‘ನಮ್ಮ ಬಗ್ಗೆ ಒಳ್ಳೆಯದೋ ಕೆಟ್ಟದ್ದೋ ಕಂಡರೆ ದಯವಿಟ್ಟು ತಿಳಿಸಿ’ ಎಂದು ಹಳೆಯ ಗ್ರಾಹಕರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಮಳೆಗಾಲದಲ್ಲಿ ವಿದ್ಯುತ್ ಮತ್ತು ನೆಟ್‌ವರ್ಕ್ ಇಲ್ಲದ ದಿನಗಳಲ್ಲಿ ಈ ಕೆಲಸ ನಿಲ್ಲಬಾರದು. ಪೇಟೆಯಲ್ಲಿ ಇರುವ ಮಗನಿಗೋ ಮಗಳಿಗೋ ಇದನ್ನು ವಹಿಸಬಹುದು. ಫೇಸ್‌ಬುಕ್ ಪುಟವಾದರೆ ಪಾಸ್‌ವರ್ಡ್ ಹಂಚದೆ, ಅವರ ಸ್ವಂತ ಖಾತೆಗೇ ನಿರ್ವಹಣೆಯ ಅಧಿಕಾರ ಕೊಡುವ ಸೌಲಭ್ಯವಿದೆ.

ಉತ್ತರಿಸುವ ಕ್ರಮ

ಹೊಗಳಿಕೆ ಕಂಡರೆ ಚಿಕ್ಕದಾಗಿ ಕೃತಜ್ಞತೆ ತಿಳಿಸಿದರೆ ಸಾಕು. ಪ್ರಶ್ನೆ ಕಂಡರೆ ಎಲ್ಲರಿಗೂ ಕಾಣುವಂತೆ ಉತ್ತರಿಸಬೇಕು. ಅದೇ ಸಂಶಯ ಇನ್ನೂ ಹಲವರಿಗೆ ಇರುತ್ತದೆ. ಗ್ರಾಹಕರ ವಿಳಾಸ, ಫೋನ್ ಸಂಖ್ಯೆ ಮತ್ತು ಹಣದ ವಿಚಾರವನ್ನು ಮಾತ್ರ ಖಾಸಗಿ ಸಂದೇಶದಲ್ಲಿ ನಡೆಸಬೇಕು. ಮಾಲು ಮುಗಿದಿದ್ದರೆ ‘ಮುಗಿದಿದೆ, ಮುಂದಿನ ಕೊಯ್ಲು ಇಂತಹ ತಿಂಗಳಲ್ಲಿ’ ಎಂದು ಸ್ಪಷ್ಟವಾಗಿ ಹೇಳುವುದು ಲೇಸು.

ದೂರು ಬಂದಾಗ

ಉಲ್ಲೇಖಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ದೂರು. ಇಚಿಲಂಪಾಡಿಯ ಒಂದು ಮನೆಯವರು ಮಳೆಗಾಲದಲ್ಲಿ ಬಾಳೆಕಾಯಿ ಹುಡಿ ಮಾರುತ್ತಾರೆ ಎಂದಿಟ್ಟುಕೊಳ್ಳೋಣ. ಮಂಗಳೂರಿನ ಗ್ರಾಹಕರೊಬ್ಬರು ಖಾತೆಯ ಹೆಸರು ಹಾಕದೆ, ‘ಇಚ್ಲಂಪಾಡಿಯ ಹುಡಿಯಲ್ಲಿ ಬೂಸ್ಟು ಬಂದಿದೆ’ ಎಂದು ಚಿತ್ರಸಹಿತ ಬರೆಯುತ್ತಾರೆ. ಮನೆಯವರಿಗೆ ಇದು ಕಾಣದೆ ಹೋದರೆ ನಷ್ಟ ಒಂದು ಪೊಟ್ಟಣದ್ದಲ್ಲ. ಅದೇ ದಿನ ಒಣಗಿಸಿದ ಹುಡಿ ಇನ್ನೂ ಹಲವು ಮನೆಗಳಿಗೆ ಹೋಗಿರಬಹುದು, ಅದರಲ್ಲಿ ಮಕ್ಕಳಿಗೆ ಮಣ್ಣಿ ಕಾಯಿಸುವವರೂ ಇರಬಹುದು. ಬೂಸ್ಟು ಹಿಡಿದ ಹುಡಿಯನ್ನು ಯಾರೂ ತಿನ್ನಬಾರದು. ಅದೇ ದಿನ ಕಣ್ಣಿಗೆ ಬಿದ್ದರೆ ಉಳಿದ ಮನೆಗಳಿಗೆ ಸಮಯಕ್ಕೆ ಎಚ್ಚರಿಕೆ ಕೊಡಬಹುದು.

ಇಂತಹ ಸಂದರ್ಭದಲ್ಲಿ ಅನುಸರಿಸಬೇಕಾದ ಕ್ರಮ:

• ದೂರನ್ನು ಚಿತ್ರದೊಡನೆ ಸ್ಕ್ರೀನ್‌ಶಾಟ್ ತೆಗೆದು ದಿನಾಂಕ ಸಹಿತ ಇಟ್ಟುಕೊಳ್ಳಬೇಕು.
• ಅದೇ ಸ್ಥಳದಲ್ಲಿ ಒಮ್ಮೆ ಉತ್ತರಿಸಬೇಕು: ‘ತಿಳಿಸಿದ್ದಕ್ಕೆ ಧನ್ಯವಾದ. ಆ ಹುಡಿಯನ್ನು ಬಳಸಬೇಡಿ. ಪೊಟ್ಟಣದ ಮೇಲಿನ ಸಂಖ್ಯೆ ಕಳುಹಿಸಿ, ಪರಿಶೀಲಿಸುತ್ತೇವೆ.’
• ಪೊಟ್ಟಣದ ಸಂಖ್ಯೆಯಿಂದ ಒಣಗಿಸಿದ ದಿನವನ್ನು ಗುರುತಿಸಿ, ಅದೇ ದಿನದ ಉಳಿದ ಪೊಟ್ಟಣಗಳನ್ನು ತೆರೆದು ನೋಡಬೇಕು.
• ದೋಷ ಕಂಡರೆ ಆ ದಿನದ ಪೊಟ್ಟಣ ಕೊಂಡ ಎಲ್ಲರಿಗೂ ತಿಳಿಸಿ, ಮಾಲು ಬದಲಿಸಬೇಕು ಅಥವಾ ಹಣ ಹಿಂದಿರುಗಿಸಬೇಕು.
• ಕೈಗೊಂಡ ಕ್ರಮವನ್ನು ಅದೇ ದೂರಿನ ಕೆಳಗೆ ಬರೆಯಬೇಕು.

ದೂರು ಸರಿಯಲ್ಲವೆಂದು ಕಂಡರೂ ಜಗಳಕ್ಕೆ ಇಳಿಯಬಾರದು. ವಿಷಯವನ್ನು ಒಮ್ಮೆ ತಿಳಿಸಿ ಸುಮ್ಮನಾಗುವುದು ಉತ್ತಮ. ಓದುವ ಇತರರು ದೂರಿನಷ್ಟೇ ಉತ್ತರದ ರೀತಿಯನ್ನೂ ಗಮನಿಸುತ್ತಾರೆ. ಪ್ರತಿ ಪೊಟ್ಟಣದ ಮೇಲೆ ದಿನಾಂಕ ಮತ್ತು ಸಂಖ್ಯೆ ಇಲ್ಲದಿದ್ದರೆ ಮೇಲಿನ ಯಾವ ಪರಿಶೀಲನೆಯೂ ಸಾಧ್ಯವಾಗದು ಎಂಬುದನ್ನು ಮರೆಯಬಾರದು.

ಲೆಕ್ಕದ ಪುಸ್ತಕ

ತೋಟದ ಖರ್ಚಿನ ಪುಸ್ತಕದಂತೆ ಉಲ್ಲೇಖಗಳಿಗೂ ಒಂದು ಪುಸ್ತಕ ಇಡಬೇಕು. ದಿನಾಂಕ, ಜಾಲತಾಣ, ಉತ್ಪನ್ನ, ಹೇಳಿದ ವಿಷಯ, ಕೈಗೊಂಡ ಕ್ರಮ ಎಂಬ ಐದು ಅಂಕಣಗಳು ಸಾಕು. ಒಂದು ಹಂಗಾಮು ಕಳೆದ ಮೇಲೆ ಓದಿದರೆ ಬಿಡಿಬಿಡಿಯಾಗಿ ಕಾಣದ ಸಂಗತಿಗಳು ತಿಳಿಯುತ್ತವೆ. ಜೇನಿನ ಬಾಟಲಿ ಸೋರಿದ ದೂರು ಐದು ಬಾರಿ ಬಂದಿದ್ದರೆ ದೋಷ ಮುಚ್ಚಳದ್ದು. ‘ಕಾಲು ಕಿಲೋ ಪೊಟ್ಟಣ ಇದೆಯೇ?’ ಎಂದು ಹತ್ತು ಮಂದಿ ಕೇಳಿದ್ದರೆ ಅದು ಮುಂದಿನ ವರ್ಷದ ಮಾರಾಟಕ್ಕೆ ದಾರಿ.

ಗ್ರಾಹಕರ ಚಿತ್ರ ಮತ್ತು ಮಾತಿನ ಮರುಬಳಕೆ

ಗ್ರಾಹಕರು ತೆಗೆದ ಚಿತ್ರ ಅವರ ಸ್ವತ್ತು. ಅದನ್ನು ತನ್ನ ಖಾತೆಯಲ್ಲಿ ಅಥವಾ ಕರಪತ್ರದಲ್ಲಿ ಬಳಸುವ ಮೊದಲು ಅನುಮತಿ ಕೇಳಿ, ಆ ಉತ್ತರವನ್ನು ಉಳಿಸಿಕೊಳ್ಳಬೇಕು. ಚಿತ್ರದಲ್ಲಿ ಮಕ್ಕಳು, ಮನೆಯ ವಿಳಾಸ ಅಥವಾ ಫೋನ್ ಸಂಖ್ಯೆ ಕಾಣಿಸುತ್ತಿದ್ದರೆ ಬಳಸದಿರುವುದೇ ಕ್ಷೇಮ. ತನ್ನ ಹೆಸರು ಬಂದ ಸ್ಟೋರಿಯನ್ನು ಮರುಹಂಚುವ ಗುಂಡಿಯನ್ನು ಇನ್‌ಸ್ಟಾಗ್ರಾಂ ಒದಗಿಸಿದೆ. ಅದು ಲಭ್ಯವಿರುವ 24 ಗಂಟೆಗಳ ಒಳಗೇ ಮಾಡಬೇಕು.

ಒಂದು ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ‘ಈ ಹುಡಿ ತಿಂದು ಸಕ್ಕರೆ ಕಾಯಿಲೆ ವಾಸಿಯಾಯಿತು’ ಎಂದು ಗ್ರಾಹಕರು ಪ್ರೀತಿಯಿಂದ ಬರೆದಿರಬಹುದು. ಆದರೆ ಮಾರುವವರು ಆ ಮಾತನ್ನು ಜಾಹೀರಾತಿಗೆ ಬಳಸಬಾರದು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯು ಮಧುಮೇಹವೂ ಸೇರಿದಂತೆ ಹಲವು ರೋಗಗಳನ್ನು ಗುಣಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದನ್ನು ನಿಷೇಧಿಸಿದೆ. ಆಹಾರ ಸುರಕ್ಷತಾ ನಿಯಮಗಳೂ ಆಹಾರದ ಬಗ್ಗೆ ಸುಳ್ಳು ಹೇಳಿಕೆಗೆ ಎಡೆ ಕೊಡುವುದಿಲ್ಲ. ಅಂತಹ ಮಾತನ್ನು ನಂಬಿ ರೋಗಿಯೊಬ್ಬರು ಮಾತ್ರೆ ಬಿಟ್ಟರೆ ಆಗುವ ಹಾನಿಯನ್ನು ಯಾವ ಮಾರಾಟವೂ ತುಂಬಿಕೊಡದು.

ವಂಚನೆಯಿಂದ ರಕ್ಷಣೆ

ಉಲ್ಲೇಖಗಳನ್ನು ಹುಡುಕುವಾಗ ತನ್ನ ಹೆಸರು ಮತ್ತು ಚಿತ್ರ ಬಳಸಿ ಬೇರೆಯವರು ತೆರೆದ ನಕಲಿ ಖಾತೆಯೂ ಸಿಗಬಹುದು. ಕೂಡಲೇ ಸ್ಕ್ರೀನ್‌ಶಾಟ್ ತೆಗೆದು, ಆ ಜಾಲತಾಣದ ‘ರಿಪೋರ್ಟ್’ ಸೌಲಭ್ಯದ ಮೂಲಕ ದೂರು ಸಲ್ಲಿಸಿ, ಗ್ರಾಹಕರಿಗೆ ಅಸಲಿ ಖಾತೆಯ ಹೆಸರನ್ನು ತಿಳಿಸಬೇಕು. ಗ್ರಾಹಕರಂತೆ ನಟಿಸಿ, ‘ಹಣ ಕಳುಹಿಸುತ್ತೇವೆ, ಪಿನ್ ಒತ್ತಿ’ ಎನ್ನುವವರೂ ಇದ್ದಾರೆ. ಯುಪಿಐ ಮೂಲಕ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಹಣ ಕಳೆದುಕೊಂಡರೆ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆಮಾಡಬೇಕು.

ಸಂಬಂಧವಿಲ್ಲದ ಚಿತ್ರಗಳಿಗೆ ಪದೇ ಪದೇ ಟ್ಯಾಗ್ ಮಾಡುವವರ ಕಾಟ ತಪ್ಪಿಸಲು, ಯಾರು ಟ್ಯಾಗ್ ಮಾಡಬಹುದು ಎಂಬುದನ್ನು ಸೆಟ್ಟಿಂಗ್‌ನಲ್ಲಿ ನಿಗದಿಪಡಿಸಬಹುದು. ಆದರೆ ಮಾರಾಟದ ಖಾತೆಯಲ್ಲಿ ಎಲ್ಲರಿಗೂ ಅವಕಾಶವಿಟ್ಟು, ಟ್ಯಾಗ್‌ಗಳು ತನ್ನ ಪುಟದಲ್ಲಿ ಕಾಣುವ ಮೊದಲು ಒಪ್ಪಿಗೆ ಬೇಕೆಂದು ಇಡುವುದು ಸೂಕ್ತ. ಬಾಗಿಲನ್ನೇ ಮುಚ್ಚಿದರೆ ದೂರೂ ಒಳಗೆ ಬರುವುದಿಲ್ಲ.

ವಿಸ್ತರಣಾ ಕಾರ್ಯಕರ್ತರು ಮೌಲ್ಯವರ್ಧನೆಯ ತರಬೇತಿಗಳಲ್ಲಿ ಒಣಗಿಸುವ ಮತ್ತು ಪೊಟ್ಟಣ ಕಟ್ಟುವ ವಿಧಾನದ ಜೊತೆಗೆ ಈ ವಿಷಯಕ್ಕೂ ಒಂದು ಗಂಟೆ ನೀಡಬಹುದು. ತರಬೇತಿಗೆ ಬಂದವರು ತಮ್ಮ ಹೆಸರಿನ ಎಲ್ಲ ರೂಪಗಳನ್ನು ಕಾಗದದಲ್ಲಿ ಬರೆದು, ಅಲ್ಲಿಯೇ ಫೋನಿನಲ್ಲಿ ಹುಡುಕಿ ನೋಡುವುದು ಉತ್ತಮ ಅಭ್ಯಾಸ. ಹೆಚ್ಚಿನ ಮಾಹಿತಿ ಬೇಕಾದವರು ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.