ಅಶಕ್ತ ವೃದ್ಧರ ಆರೈಕೆ: ಒರೆಗಲ್ಲು ಯಾವುದು?

ಮನೆಯ ಹಿರಿಯರೊಬ್ಬರಿಗೆ ಪಾರ್ಶ್ವವಾಯು ಬಡಿದಿದೆ ಎನ್ನಿ. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ, ಮಾತು ತೊದಲುತ್ತದೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗತಕ್ಕವರು. ಹಗಲೆಲ್ಲ ಹಾಸಿಗೆಯ ಬಳಿ ಇರುವವರು ಯಾರೂ ಇಲ್ಲ. ಹಲವು ರಾತ್ರಿ ಯೋಚಿಸಿದ ಮೇಲೆ, ಇಂಥವರನ್ನು ಇರಿಸಿಕೊಂಡು ನೋಡಿಕೊಳ್ಳುವ ವೃದ್ಧಾಶ್ರಮವೊಂದನ್ನು ಕಂಡುಬರಲು ನೀವು ಹೊರಡುತ್ತೀರಿ. ಹೀಗೆ ಹೊರಡುವುದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಹೋದ ಮೇಲೆ ಅಲ್ಲಿ ಏನನ್ನು ನೋಡಬೇಕು ಎಂಬುದನ್ನಷ್ಟೇ ವಿಚಾರಿಸೋಣ.

ಮೊದಲು ಕಣ್ಣಿಗೆ ಬೀಳುವುದು ಕಟ್ಟಡ. ಹೊಳೆಯುವ ನೆಲ, ಹೂದೋಟ, ದೇವರ ಕೋಣೆ, ಸಾಲಾಗಿ ಹಾಸಿದ ಮಂಚಗಳು. ಇವು ಬೇಡವೆಂದಲ್ಲ. ಆದರೆ ಮೇಲೆ ಥಳುಕು ಒಳಗೆ ಹುಳುಕು ಎಂಬ ಮಾತನ್ನು ನಮ್ಮ ಹಿರಿಯರು ಸುಮ್ಮನೆ ಆಡಲಿಲ್ಲ. ಆರೈಕೆಯ ಗುಣವನ್ನು ಅಳೆಯಲು ಮೂರು ಕಡೆ ನೋಡಬೇಕೆಂದು ಅಮೆರಿಕದ ವೈದ್ಯ ಅವೆಡಿಸ್ ಡೊನಬೇಡಿಯನ್ 1966ರಲ್ಲಿ ವಿವರಿಸಿದರು: ಏರ್ಪಾಡು, ನಡೆಯುವ ಕೆಲಸ, ಅದರ ಫಲ. ಮನೆಯ ಮಾತಿನಲ್ಲಿ ಹೇಳುವುದಾದರೆ, ಅಡಿಗೆಮನೆ ಮತ್ತು ಪಾತ್ರೆಪದಾರ್ಥ ಏರ್ಪಾಡು. ಅಡಿಗೆ ಮಾಡುವ ಬಗೆ ಎರಡನೆಯದು. ಉಂಡವರ ಹೊಟ್ಟೆ ತಣ್ಣಗಾಯಿತೇ ಎಂಬುದು ಮೂರನೆಯದು. ನಾವು ಬಹಳ ಸಲ ಪಾತ್ರೆಗಳನ್ನು ಕಂಡು ತೃಪ್ತರಾಗಿ ಹಿಂದಿರುಗುತ್ತೇವೆ.

ಫಲವನ್ನು ಕಾಣುವುದು ಎಲ್ಲಿ? ಹಾಸಿಗೆ ಹಿಡಿದವರ ಬೆನ್ನಿನಲ್ಲಿ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಟೊಂಕದ ಕೆಳಗೆ, ಸೊಂಟದ ಪಕ್ಕದಲ್ಲಿ, ಹಿಮ್ಮಡಿಯಲ್ಲಿ ಹುಣ್ಣು ಏಳುವುದು ಹೀಗೆ. ಹಿಂದೆ ಇದಕ್ಕೆ ಬಗೆಬಗೆಯ ಲೇಪಗಳನ್ನು ತಿಕ್ಕುತ್ತಿದ್ದರು. ಇಂಗ್ಲೆಂಡಿನ ದಾದಿ ಡೊರೀನ್ ನಾರ್ಟನ್ ಮತ್ತು ಅವರ ಜೊತೆಗಾರರು 1962ರಲ್ಲಿ ಪ್ರಕಟಿಸಿದ ಅಧ್ಯಯನವು, ಮಗ್ಗುಲು ಬದಲಿಸಿ ಒತ್ತಡವನ್ನು ತಗ್ಗಿಸುವುದೇ ಮುಖ್ಯವೆಂದು ತೋರಿಸಿತು. ದೇಹಸ್ಥಿತಿ, ಮನಸ್ಸಿನ ಎಚ್ಚರ, ನಡೆದಾಟ, ಕೈಕಾಲುಗಳ ಚಲನೆ, ಮಲಮೂತ್ರಗಳ ಹತೋಟಿ ಈ ಐದಕ್ಕೂ ಒಂದರಿಂದ ನಾಲ್ಕರವರೆಗೆ ಅಂಕ ಕೊಡುವ ಕ್ರಮವನ್ನೂ ಅವರು ರೂಪಿಸಿದರು. ಒಟ್ಟು 20ರಲ್ಲಿ 14 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ಹುಣ್ಣಾಗುವ ಅಪಾಯ ಹೆಚ್ಚು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ರೂಢಿಯ ನಿಯಮ. ಒಳ್ಳೆಯ ಗಾಳಿಹಾಸಿಗೆ ಇದ್ದರೆ ವೈದ್ಯರು ಈ ಅಂತರವನ್ನು ಸ್ವಲ್ಪ ಹೆಚ್ಚಿಸಬಹುದು. ಇಪ್ಪತ್ತು ಜನ ಹಾಸಿಗೆ ಹಿಡಿದವರಿದ್ದಾರೆ ಎನ್ನೋಣ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತಲಾ ನಾಲ್ಕು ಸಲವೆಂದರೆ ಎಂಬತ್ತು ಸಲವಾಯಿತು. ಒಂದು ಸಲಕ್ಕೆ ಐದೇ ನಿಮಿಷ ಹಿಡಿದರೂ 400 ನಿಮಿಷ, ಅಂದರೆ ಆರು ಗಂಟೆ ನಲವತ್ತು ನಿಮಿಷ. ಭಾರವಾದ ಮೈಯನ್ನು ಹೊರಳಿಸಲು ಇಬ್ಬರು ಬೇಕು. ರಾತ್ರಿಪಾಳಿಗೆ ಒಬ್ಬಳೇ ಆಯಾ ಇರುವಲ್ಲಿ, ಆಕೆ ಎಷ್ಟೇ ಕರುಣೆಯುಳ್ಳವಳಾದರೂ, ಈ ಕೆಲಸ ಆಗಲಾರದು. ಆದ್ದರಿಂದ ಕಚೇರಿಯಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ರಾತ್ರಿ ಎರಡು ಗಂಟೆಗೆ ಎಚ್ಚರವಾಗಿರುವವರು ಎಷ್ಟು ಮಂದಿ?

ಎರಡನೆಯದಾಗಿ, ಊಟದ ಹೊತ್ತಿಗೆ ಹೋಗಿ. ಪಾರ್ಶ್ವವಾಯು ಬಡಿದವರಲ್ಲಿ ಹಲವರಿಗೆ ನುಂಗುವುದು ಕಷ್ಟ. ಅವರನ್ನು ಎತ್ತಿ ನೆಟ್ಟಗೆ ಕೂರಿಸಿ, ಸಣ್ಣ ತುತ್ತು ಕೊಟ್ಟು, ಅದು ಇಳಿದ ಮೇಲೆಯೇ ಮುಂದಿನ ತುತ್ತು ಕೊಡಬೇಕು. ಮಲಗಿದ್ದಂತೆಯೇ ಗಂಜಿ ಸುರಿದರೆ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯ ತರಬಹುದು. ಮಂಚದ ಬಳಿ ನೀರಿನ ಲೋಟ ಕೈಗೆ ಎಟುಕುವಂತಿದೆಯೇ ಎಂಬುದನ್ನೂ ಗಮನಿಸಿ. ಮುಪ್ಪಿನಲ್ಲಿ ಬಾಯಾರಿಕೆ ಅಷ್ಟಾಗಿ ತಿಳಿಯುವುದಿಲ್ಲ. ಮೂತ್ರಕ್ಕೆ ಕರೆದೊಯ್ಯುವ ತೊಂದರೆ ತಪ್ಪಲೆಂದು ನೀರನ್ನೇ ಕಡಿಮೆ ಮಾಡಿದರೆ ಮಲಬದ್ಧತೆ, ಬುದ್ಧಿಮಂಕು ಒಂದರ ಹಿಂದೆ ಒಂದು ಬರುತ್ತವೆ. ಅದನ್ನು ವಯಸ್ಸಿನ ದೋಷವೆಂದು ಹೇಳಿ ಮುಗಿಸಿಬಿಡುವುದುಂಟು.

ಮೂರನೆಯದು ಕಟ್ಟಿಹಾಕುವ ವಿಚಾರ. ಬಿದ್ದಾರೆಂದು ಮಂಚಕ್ಕೋ ಗಾಲಿಕುರ್ಚಿಗೋ ಕಟ್ಟುವುದು, ನಿದ್ರೆಯ ಔಷಧ ಕೊಟ್ಟು ಸುಮ್ಮನಾಗಿಸುವುದು ಆರೈಕೆಯಲ್ಲ. ನೋಡಿಕೊಳ್ಳುವವರ ಅನುಕೂಲಕ್ಕಾಗಿ ಹೀಗೆ ಮಾಡಕೂಡದೆಂದು ಅಮೆರಿಕ 1987ರಲ್ಲಿ ಕಾನೂನು ಮಾಡಿತು; ಸಹಾಯಕಿಯರಿಗೆ ಕನಿಷ್ಠ 75 ಗಂಟೆಗಳ ತರಬೇತಿಯನ್ನೂ ಅದೇ ಕಾನೂನು ಕಡ್ಡಾಯಗೊಳಿಸಿತು.

ನಮ್ಮ ದೇಶದಲ್ಲಿಯೂ ಕಾನೂನಿಗೆ ಕೊರತೆಯಿಲ್ಲ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಯು, ಜಿಲ್ಲೆಗೊಂದರಂತೆ ಆರಂಭಿಸಿ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮಗಳನ್ನು ಸ್ಥಾಪಿಸುವ ಮಾತನ್ನು ಹೇಳುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಂತೆ ಅವರಿಗಾಗಿ ಇರುವ ಸಂಸ್ಥೆ ನೋಂದಣಿ ಪತ್ರ ಪಡೆದಿರಬೇಕು. ಆ ಪತ್ರವನ್ನು ತೋರಿಸಿರೆಂದು ಕೇಳಲು ಸಂಕೋಚ ಬೇಡ. ದೂರು, ಸಲಹೆಗಳಿಗೆ 14567 ಎಂಬ ಹಿರಿಯರ ಸಹಾಯವಾಣಿಯೂ ಇದೆ. ಆದರೆ ಪ್ರತಿ ಮಂಚದ ಬಳಿಯೂ ಸರಕಾರದ ಅಧಿಕಾರಿ ನಿಲ್ಲಲಾರ. ಹೇಳದೆ ಕೇಳದೆ ಬಂದುಹೋಗುವ ಮಗಳು, ಮೊಮ್ಮಗ, ಹಳೆಯ ನೆರೆಯವರು ಇವರೇ ನಿಜವಾದ ಕಾವಲು. ಒಳಗೆ ಬಿಟ್ಟು ಬಂದಲ್ಲಿಗೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯಬಾರದು.

ಕೊನೆಯದಾಗಿ ಒಂದು ಮಾತು. ಇಂಗ್ಲೆಂಡ್ ಮತ್ತು ವೇಲ್ಸಿನ 173 ವೃದ್ಧನಿವಾಸಗಳನ್ನು ಸ್ವತಃ ನೋಡಿ ಪೀಟರ್ ಟೌನ್ಸೆಂಡ್ 1962ರಲ್ಲಿ ಗ್ರಂಥವೊಂದನ್ನು ಬರೆದರು. ಅನ್ನ, ಬಟ್ಟೆ, ಸೂರು ಇದ್ದರೂ ಅಲ್ಲಿನ ಜನ ಒಂಟಿತನದಿಂದ ಬಳಲುತ್ತಿದ್ದರು. ಮಾಡಲು ಕೆಲಸವಿರಲಿಲ್ಲ, ತಮ್ಮದೆಂಬ ಮರೆ ಇರಲಿಲ್ಲ. ಕೈಕಾಲು ಸೋತವರಿಗೂ ಮನಸ್ಸಿನ ಇಷ್ಟಾನಿಷ್ಟಗಳು ಸೋತಿರುವುದಿಲ್ಲ. ಸ್ನಾನ ಬೆಳಿಗ್ಗೆಯೋ ಸಂಜೆಯೋ, ಕಾಫಿಯೋ ರಾಗಿ ಅಂಬಲಿಯೋ ಎಂದು ಅವರನ್ನು ಕೇಳುವವರು ಇದ್ದಾರೆಯೇ?

ಅಲ್ಲಿನ ಹಜಾರದಲ್ಲಿ ರೇಡಿಯೋ ಇದ್ದರೆ ಅರ್ಧ ಗಂಟೆ ಕುಳಿತು ನೋಡಿ. ಯಾವ ಕಾರ್ಯಕ್ರಮ ಬೇಕೆಂದು ಹಿರಿಯರನ್ನು ಕೇಳಿ ಅದರ ಗುಂಡಿ ತಿರುಗಿಸುತ್ತಾರೆಯೇ, ಅಥವಾ ಅದು ಕೆಲಸದವರಿಗಾಗಿ ತನ್ನ ಪಾಡಿಗೆ ಹಾಡುತ್ತಿದೆಯೇ? ಆ ಮನೆಯ ವಿಷಯ ನಿಮಗೆ ಅಷ್ಟರಲ್ಲಿಯೇ ಬಹುಮಟ್ಟಿಗೆ ತಿಳಿದುಹೋಗುತ್ತದೆ.